ದಿನಕ್ಕೆ ನಾಲ್ಕು ಹನಿ

ಹಲ್ಲಿನ ಡಾಕ್ಟರ ಬಾಗಿಲ ಹೊರಗೆ ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಗೆ ಪಕ್ಕದಲ್ಲಿದ್ದ ಅಕ್ಕತಂಗಿಯರ ಮಾತು ಕೇಳದೆ ವಿಧಿಯಿರಲಿಲ್ಲ. ಅಕ್ಕನ ಗಂಡ ಒಳಗೆ ಹಲ್ಲು ಕೀಳಿಸಿಕೊಳ್ಳುತ್ತಿದ್ದ.

"ಭಾವ ಕುಡಿಯೋದು ಬಿಟ್ರಂತೆ?"

"ಬಿಟ್ಟು ಎರಡು ತಿಂಗಳಾಯ್ತು. ಈಗ ಉಪ್ಪುನೀರಿನ ಮೀನು ಸಾಕೋ ಹುಚ್ಚು. ನೀರಲ್ಲಿ ನೈಟ್ರೇಟ್ ಸೇರ್ಕೊಳ್ಳುತ್ತಂತೆ, ಅದನ್ನ ತೆಗೆಯೋಕೆ ಪೈಪು ಸುತ್ತಿ ತಾವೇ ಒಂದು ಫಿಲ್ಟರ್ ಮಾಡಿದ್ದಾರೆ."

"ಪೈಪು ಹೇಗೆ ತೆಗೆಯುತ್ತೆ?"

"ಒಳಗಿರೋ ಬ್ಯಾಕ್ಟೀರಿಯಾ ತಿನ್ನುತ್ತಂತೆ. ಅದಕ್ಕೆ ದಿನಾ ನಾಲ್ಕು ಹನಿ ವೋಡ್ಕಾ ಹಾಕ್ಬೇಕು."

"ವೋಡ್ಕಾನಾ?"

"ಪುಸ್ತಕದಲ್ಲೇ ಇದೆ, ನಂಗೂ ತೋರಿಸಿದ್ರು."

"ಹಾಗಾದ್ರೆ ಒಂದು ಬಾಟಲಿ ವರ್ಷಾನುಗಟ್ಟಲೆ ಬರ್ಬೇಕಲ್ಲ."

"ವಾರಕ್ಕೊಂದು ಬೇಕು. ಕೋಟಿಗಟ್ಟಲೆ ಜೀವ, ದೊಡ್ಡ ಸಂಸಾರ ಅಂತಾರೆ."

"ನೀನು ಸುಮ್ನಿದ್ಯಾ?"

"ಮೊನ್ನೆ ಬಾಟಲೀಲಿದ್ದಿದ್ದು ಚೆಲ್ಲಿ ಬರೀ ನೀರು ತುಂಬಿಟ್ಟೆ. ನೋಡೋಕೆ ಎರಡೂ ಒಂದೇ ತಾನೆ."

"ಗೊತ್ತಾಯ್ತಾ?"

"ನಿನ್ನೆ ಮುಖ ಸಣ್ಣದು ಮಾಡ್ಕೊಂಡು ಬಂದು ಅಂದ್ರು, ಯಾಕೋ ಈ ಸಲದ್ದು ಬ್ಯಾಕ್ಟೀರಿಯಾಗೆ ಸಪ್ಪೆ ಅನ್ನಿಸ್ತಿದೆ ಅಂತ."

ಬಾಗಿಲು ತೆರೆಯಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಗಂಡ ಹೊರಬಂದ. ಅಕ್ಕ ಚೀಲ ಎತ್ತಿಕೊಂಡು, "ನಡೀರಿ, ಮನೇಲಿ ಅವು ಬಾಯಾರಿ ಕೂತಿರ್ತವೆ" ಎಂದಳು.

ದರ್ಜಿ ನಗಲು ಹೋಗಿ ಕೆನ್ನೆ ಹಿಡಿದುಕೊಂಡ.