ರೆಪ್ಪೆಯ ಮೇಲಿನ ಪೌಡರು

ಗಂಟಲು ಡಾಕ್ಟರ ಬಾಗಿಲ ಮುಂದೆ ನನ್ನ ಪಕ್ಕದಲ್ಲೇ ಗಂಡ ಹೆಂಡತಿ ಕೂತಿದ್ದರು. ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಕೂಗಿದರೆ ಮೂರು ಬೀದಿಯಾಚೆ ಮಲಗಿದವರೂ ಎದ್ದು ಬೆಲೆ ಹೇಳುತ್ತಿದ್ದರಂತೆ. ಈಗ ದನಿ ಬರೀ ಗಾಳಿ.

“ರೀ, ಕಾಲು ಕುಣಿಸ್ಬೇಡಿ, ಬೆಂಚೇ ನಡುಗ್ತಿದೆ. ಮುಖಕ್ಕೇನು ಬಳ್ಕೊಂಡಿದ್ದೀರಾ?”

“ನಿನ್ನ ಪೌಡರೇ ಕಣೇ. ರೆಪ್ಪೆ ಮೇಲೆ ರಕ್ತ ಕಟ್ಟಿರೋದು ನೋಡಿ, ಹೆಂಡ್ತಿ ಗುದ್ದಿದ್ಲಾ ಅಂತಾರೆ ಮಂಡಿಯೋರು.”

“ನಾನು ಗುದ್ದಿದ್ರೆ ಹಲ್ಲೂ ಉಳೀತಿರ್ಲಿಲ್ಲ. ಡಾಕ್ಟ್ರಿಗೆ ಹೇಳಿದ್ರಾ?”

“ಗಂಟಲು ಡಾಕ್ಟ್ರಿಗೆ ಕಣ್ಣಿನ ವಿಷ್ಯ ಯಾಕೆ?”

“ಅದೇನೋ ಅಮೈಲಾಯ್ಡು, ಗಂಟಲಲ್ಲಿ ಪ್ರೋಟೀನು ಗಡ್ಡೆ ಕಟ್ಟಿದೆ ಅಂದ್ರಂತಲ್ಲ. ಅಲ್ಲಿ ಮಾತ್ರ ಇದ್ರೆ ತೆಗೀಬಹುದು, ಬೇರೆ ಕಡೆನೂ ಇದ್ರೆ ಹೃದಯ ನೋಡ್ಬೇಕು ಅಂತ. ಕಣ್ಣಿನ ಬಗ್ಗೆ ಕೇಳ್ಲೇ ಇಲ್ವಾ?”

“ಕೇಳಿದ್ರು. ರೆಪ್ಪೆ ಮೇಲೆ ರಕ್ತ ಕಟ್ಟಿದ್ರೆ ಅದು ಬೇರೆ ಕಡೆನೂ ಹರಡಿದೆ ಅಂತ ಅರ್ಥವಂತೆ. ಏನೂ ಇಲ್ಲ ಅಂದೆ.”

“ಯಾಕ್ರೀ!”

“ಹೃದಯ ನೋಡಿದ್ರೆ ಏನಾದ್ರೂ ಸಿಕ್ಕಿಬಿಟ್ರೆ?”

ಆಕೆ ಬಾಟಲಿಯ ನೀರಲ್ಲಿ ಕರ್ಚೀಪು ಅದ್ದಿದಳು. ಅಷ್ಟರಲ್ಲಿ ನರ್ಸ್ ಬಾಗಿಲು ತೆಗೆದು ಅವರನ್ನು ಕರೆದಳು.

“ಮುಖ ಎತ್ತಿ,” ಅಂದಳು ಹೆಂಡತಿ.

“ಎಲ್ಲಾರೂ ನೋಡ್ತಾರೆ ಕಣೇ.”

“ನೋಡ್ಲಿ. ಮೊದ್ಲು ಡಾಕ್ಟ್ರು ನೋಡ್ಲಿ.”

ಅವನು ಕಣ್ಣು ಮುಚ್ಚಿ ಮುಖ ಒಡ್ಡಿದ. ರೆಪ್ಪೆ ಒರೆಸುತ್ತಲೇ ಆಕೆ ಅವನನ್ನು ಒಳಗೆ ನಡೆಸಿಕೊಂಡು ಹೋದಳು.