ಅರಮನೆಯ ಬಚ್ಚಲಲ್ಲಿದ್ದವಳು

ಆಲಿವ್‌ಳನ್ನು ಕಕ್ಕಸಿನಲ್ಲಿ ಮಲಗಿಸಿದರು. ಮಲಗಿಸಿದವರು ಕುವೈತಿನ ನಮ್ಮ ಕನ್ನಡದವರೇ, ಮನೀಷ್ ಮತ್ತು ಶ್ರಾವಣಿ.

ಈ ಆಲಿವ್, ಕುವೈತಿನ ಅಬ್ಬಾಸಿಯಾ ಬಡಾವಣೆಯಲ್ಲಿರುವ ಕಜೆಟನ್‌ನ ಚಿಕ್ಕಪ್ಪನ ಮಗಳು. ಮನೀಷ್-ಶ್ರಾವಣಿಯರ ಮಗುವನ್ನು ನೋಡಿಕೊಳ್ಳುವ ಕೆಲಸ. ಮಂಗಳೂರಲ್ಲಿ ಬಿಟ್ಟುಬಂದ ಅವಳ ಸ್ವಂತ ಮಗಳಿಗೆ ಈಗ ತಾಯಿಯ ಗುರುತೇ ಸಿಗುವುದಿಲ್ಲ. ಒಮ್ಮೆ ಹೋಗಿಬರುತ್ತೇನೆಂದು ಗೋಗರೆದರೂ ಶ್ರಾವಣಿ ಪಾಸ್‌ಪೋರ್ಟ್ ಕೊಡಲಿಲ್ಲ. ಬದಲಿಗೆ ರಜೆಗೆಂದು ಇಟಲಿಯ ಸಿಸಿಲಿಗೆ ಎಳೆದುಕೊಂಡು ಹೋದಳು.

ಆ ಹೋಟೆಲು ಹಿಂದೆ ಅರಮನೆ. ಸೂರಿಗೆಲ್ಲ ಚಿನ್ನದ ಬಣ್ಣ, ಕಡಲ ಕಡೆಗೆ ಕಿಟಕಿ. ಆಲಿವ್‌ಗೆ ಮಾತ್ರ ಸ್ನಾನದ ತೊಟ್ಟಿಗೂ ಕಮೋಡಿಗೂ ನಡುವೆ ಒಂದು ಟವೆಲು.

“ಅಬ್ಬಾಸಿಯಾದ ನಿಮ್ಮ ಕಜೆಟನ್‌ನ ರೂಮಿಗಿಂತ ಇದೇ ದೊಡ್ಡದಲ್ವೇನೇ?” ಎಂದು ಶ್ರಾವಣಿ ನಕ್ಕಳು.

ಊಟಕ್ಕೆ ಮಗು ಉಗುಳಿಬಿಟ್ಟ ಪಾಸ್ತಾ. ರಾತ್ರಿ ಮನೀಷ್ ಬಾಗಿಲು ತಟ್ಟಿದಾಗಲೆಲ್ಲ ಎದ್ದು ಹೊರಗೆ ನಿಲ್ಲಬೇಕು. ಅವನು ಹೋದಮೇಲೆ ಆ ನಾತದಲ್ಲೇ ಮತ್ತೆ ಮಲಗಬೇಕು. ಥೂ.

ಎರಡನೇ ರಾತ್ರಿ... ತೊಟ್ಟಿಯೊಳಗಿಂದ ಸದ್ದು. ಚರಕ್... ಚರಕ್... ಒರಟು ಬ್ರಶ್ಶಿನಿಂದ ಕಲ್ಲು ಉಜ್ಜುವ ಸದ್ದು. ನಿಂತಿತು. ಮತ್ತೆ... ಚರಕ್.

ಆಲಿವ್ ಮೆಲ್ಲಗೆ ಬಗ್ಗಿದಳು. ಒಳಗೊಬ್ಬ ಹೆಂಗಸು ಮಂಡಿಯೂರಿದ್ದಳು. ಹಳೇ ಕಾಲದ ಕಪ್ಪು ಉಡುಪು. ನೀರಲ್ಲಿ ನೆನೆದು ಬಿಳಿಚಿದ ಬೆರಳು... ಒಂದಕ್ಕೂ ಉಗುರಿಲ್ಲ. ತಲೆ ಎತ್ತದೆ ಪಿಸುಗುಟ್ಟಿದಳು, ಅದೂ ಕೊಂಕಣಿಯಲ್ಲಿ.

“ನಿನ್ನನ್ನೂ ಇಲ್ಲೇ ಮಲಗಿಸಿದರಾ, ಬಾಯೆ?”

ಆಲಿವ್ ಹೌದೆಂದು ತಲೆಯಾಡಿಸಿದಳು.

“ಹೊರಡು.”

ಪಕ್ಕದ ಕೋಣೆಯಲ್ಲಿ, ಶ್ರಾವಣಿ ಒಡವೆ, ಪಾಸ್‌ಪೋರ್ಟ್‌ಗಳನ್ನು ಇಟ್ಟಿದ್ದ ಲಾಕರ್ ತೆರೆದುಕೊಂಡಿತು... ಟಕ್.

ಬೆಳಿಗ್ಗೆ ನೋಡಿದರೆ ಲಾಕರ್ ಮುಚ್ಚಿಯೇ ಇತ್ತು. ಒಡವೆಗಳು ಇದ್ದಲ್ಲೇ ಇದ್ದವು. ಆಲಿವ್‌ಳ ಪಾಸ್‌ಪೋರ್ಟ್ ಮಾತ್ರ ಅವಳ ತಲೆಯಡಿಯಲ್ಲಿ, ತೊಯ್ದು ತೊಪ್ಪೆಯಾಗಿ. ಅವಳು ಅದನ್ನು ಮತ್ತೆ ಕೈಬಿಡಲಿಲ್ಲ. ರಜೆ ಮುಗಿದು ಕುವೈತಿನಲ್ಲಿ ಇಳಿದದ್ದೇ ಶ್ರಾವಣಿ ಪಾಸ್‌ಪೋರ್ಟಿಗೆ ಕೈ ಚಾಚಿದಳು. ಆಲಿವ್ ಕೊಡದೆ ಟ್ಯಾಕ್ಸಿ ಹತ್ತಿ ಸೀದಾ ಕಜೆಟನ್‌ನಲ್ಲಿಗೆ ಬಂದಳು. ಕೆಲಸದವಳು ಓಡಿಹೋದಳೆಂದು ಆ ಮರ್ಯಾದಸ್ಥರು ದೂರು ಕೊಟ್ಟರು. ಅದು ಬಗೆಹರಿಯದೆ ಆಲಿವ್ ಕುವೈತ್ ಬಿಡುವಂತಿಲ್ಲ, ಮಗಳ ಮುಖ ನೋಡುವಂತಿಲ್ಲ.

ಇದು ನಡೆದದ್ದೇ. ನಂಬದವರು ಅಬ್ಬಾಸಿಯಾಕ್ಕೆ ಬನ್ನಿ. ಕಜೆಟನ್ ಆ ಪಾಸ್‌ಪೋರ್ಟನ್ನು ಕಿಟಕಿಯಲ್ಲಿ ಹರವಿಟ್ಟಿದ್ದಾನೆ. ಕಬ್ಬಿಣ ಮುಟ್ಟಿದರೆ ಕೈ ಸುಡುವ ಈ ಜೂನ್ ಬಿಸಿಲಲ್ಲೂ ಅದು ಒಣಗಿಲ್ಲ... ಒತ್ತಿದರೆ ಸೋಪಿನ ನೀರು ಬರುತ್ತದೆ.

ನಿಮ್ಮ ಮನೆಗೆಲಸದವಳ ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲಿದೆಯೇ? ಏಳಿ. ಈಗಲೇ ತೆಗೆದು ಅವಳ ಕೈಗೆ ಕೊಡಿ.