ಅಳತೆ ಪುಸ್ತಕದ ಷರಾ

ಹಂಗೆ ನೋಡ್ಬೇಡ ಅಕ್ಕ. ಕತ್ತರಿ ಕೆಳಗಿಡು, ನಾನು ಹೇಳೋದು ಪೂರ್ತಿ ಕೇಳು... ಟೀಚರಮ್ಮ ಕೊಟ್ಟಿದ್ದ ಬಟ್ಟೆ ವಾಪಸ್ ತಗೊಂಡು ಹೋದ್ರು, ಸರಿ. ಹದಿನಾರು ವರ್ಷ ನಿನ್ನ ಹತ್ರಾನೇ ಹೊಲಿಸ್ದೋರು, ಅದೂ ಸರಿ. ಆದ್ರೆ ತಪ್ಪು ನನ್ನದಾ? ಆ ಆ್ಯಪ್‌ದು.

ಅಳತೆಯೆಲ್ಲ ಫೋನಿಗೆ ಹಾಕೋದು ಬೇಡ ಅಂದಿದ್ದೆ ನೀನು, ಒಪ್ತೀನಿ. ಆದ್ರೂ ಎಷ್ಟು ಸಲೀಸಾಯ್ತು ಹೇಳು. ಮೊದಲು ಯಾರಾದ್ರೂ ಅಂಗಡಿಗೆ ಬಂದ್ರೆ ಆರು ಅಳತೆ ಪುಸ್ತಕ ತಿರುವಿ ಹಾಕ್ತಿದ್ದೆ, ಗಿರಾಕಿ ನಿಂತು ನಿಂತು ಸುಸ್ತಾಗೋರು. ಈಗ ಹೆಸರಿನ ಎರಡಕ್ಷರ ಒತ್ತಿದ್ರೆ ಭುಜ, ತೋಳು, ಸೊಂಟ, ಎಲ್ಲ ಹಾಜರ್. ಬಟ್ಟೆ ರೆಡಿಯಾದ್ರೆ ಮೆಸೇಜೂ ಅದೇ ಕಳಿಸುತ್ತೆ... ಯಾಕೆ ನಗ್ತೀಯ? ಅದು ನಗು ಅಲ್ಲ, ಗೊತ್ತು ನಂಗೆ.

ಪುಸ್ತಕದ ಅಂಚಲ್ಲಿ ನೀನು ಪೆನ್ಸಿಲ್‌ನಲ್ಲಿ ಬರ್ದಿಡ್ತಿದ್ಯಲ್ಲ... ‘ಹೊಟ್ಟೆ ಬಂದಿದೆ, ಅವರಿಗೆ ಹೇಳೋದು ಬೇಡ, ಒಂದಿಂಚು ಸಡಿಲ.’ ‘ಎಡಭುಜ ಇಳಿದಿದೆ.’ ಪುಟಗಳ ಫೋಟೋ ಹೊಡೆದು ಅವನ್ನೆಲ್ಲ ಆ್ಯಪ್‌ನಲ್ಲಿ ಷರಾ ಅನ್ನೋ ಜಾಗಕ್ಕೆ ಹಾಕ್ದೆ. ಮೆಸೇಜ್ ಜೊತೆ ಅದೂ ಹೋಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ? ಬೇಕರಿಯೋರು ಹೊಟ್ಟೆ ವಿಷಯ ಓದಿ ನಕ್ಕು ಸುಮ್ಮನಾದ್ರು.

ಟೀಚರಮ್ಮಂದೇ... ಆಪರೇಷನ್ ಆದ್ಮೇಲೆ ಎದೆಯ ಒಂದು ಕಡೆ ಒಳಗೆ ಹತ್ತಿ ಕೊಟ್ಟು ಹೊಲೀತಿದ್ದೆ ನೀನು. ನರಪಿಳ್ಳೆಗೂ ಗೊತ್ತಿರಲಿಲ್ಲ. ನನಗೂ ಹೇಳಿರಲಿಲ್ಲ. ಅವರು ಬರೆಸಿದ್ದು ಶಾಲೆಯ ಆಫೀಸಿನ ನಂಬರ್. ಮೆಸೇಜ್ ಜೊತೆ ಹೋದ ಆ ಷರಾ ಗುಮಾಸ್ತ ಓದ್ದ, ಆಮೇಲೆ ಎಲ್ಲ ಟೀಚರ್‌ಗಳಿಗೂ ಗೊತ್ತಾಯ್ತು. ನನಗೂ ಬೇಜಾರಿದೆ ಅಕ್ಕ. ಆದ್ರೆ ತಾನಾಗೇ ಹೋಗಿದ್ದಕ್ಕೆ ನಾನೇನು ಮಾಡ್ಲಿ?

ಏನಾದ್ರೂ ಅನ್ನು. ಬೈದುಬಿಡು ಬೇಕಾದ್ರೆ.

...ಒಂದ್ಸಲ ಕೇಳ್ತು ಆ ಆ್ಯಪ್. ‘ಷರಾ ಗಿರಾಕಿಗೆ ಕಾಣಿಸಬೇಕಾ?’ ಅಂತ. ಬೇಡ ಅಂದ್ರೆ ಒಬ್ಬೊಬ್ಬರದೇ ತೆಗೆದು ಬೇಡ ಅನ್ನಬೇಕಿತ್ತು, ನಾನೂರು ಜನದ್ದು. ಹೌದು ಅಂದ್ರೆ ಎಲ್ಲರಿಗೂ ಸೇರಿ ಒಂದೇ ಬಟನ್. ಸಂಜೆಯೊಳಗೆ ಮುಗಿಸ್ತೀನಿ ಅಂತ ನಿನ್ನ ಮುಂದೆ ಜಂಬ ಕೊಚ್ಚಿದ್ದೆ...

ಓದಿರಲಿಲ್ಲ, ಏನು ಬರ್ದಿದೆ ಅಂತ ನೋಡೇ ಇರಲಿಲ್ಲ...

ಅಕ್ಕ.

ಮಾದರಿಗೆ ಅಂತ ಅದು ಒಬ್ಬರದು ತೋರಿಸ್ತು. ಟೀಚರಮ್ಮಂದೇ. ಓದಿದೆ. ಓದಿಯೇ ಒತ್ತಿದ್ದು.